ಸರದಾರರಾಗುವ ಮುನ್ನ: ಅಹಮದಾಬಾದ್ ನಗರಸಭೆಯಲ್ಲಿ ವಲ್ಲಭಭಾಯಿ ಪಟೇಲ್

ವಲ್ಲಭಭಾಯಿ ಪಟೇಲ್ ಎಂದೊಡನೆ ಐನೂರಕ್ಕೂ ಹೆಚ್ಚು ದೇಶೀಯ ಸಂಸ್ಥಾನಗಳ ವಿಲೀನ ನೆನಪಾಗುತ್ತದೆ. ನಂತರ ಬಾರ್ಡೋಲಿ ಸತ್ಯಾಗ್ರಹ, ಗೃಹ ಖಾತೆ, 2018ರಲ್ಲಿ ನರ್ಮದೆಯ ದಡದಲ್ಲಿ ಅನಾವರಣಗೊಂಡ 182 ಮೀಟರ್ ಎತ್ತರದ ಪ್ರತಿಮೆ. ಈ ಎಲ್ಲದರ ನಡುವೆ ಅವರ ಬದುಕಿನ ಒಂದು ಅಧ್ಯಾಯ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಸೀಮಿತವಾಗಿಬಿಟ್ಟಿದೆ. ಅದು ಅಹಮದಾಬಾದ್ ನಗರಸಭೆಯ ಅಧ್ಯಾಯ. 1917ರಿಂದ 1928ರವರೆಗೆ, ನಡುವಿನ ಎರಡು ವರ್ಷಗಳನ್ನು ಬಿಟ್ಟರೆ, ಅವರು ಆ ನಗರಸಭೆಯ ಸದಸ್ಯರಾಗಿದ್ದರು. ಕೊನೆಯ ನಾಲ್ಕು ವರ್ಷ ಅಧ್ಯಕ್ಷರೂ ಆಗಿದ್ದರು. ಚರಂಡಿ ಎಲ್ಲಿ ಹಾಯಬೇಕು, ನಲ್ಲಿ ನೀರಿನ ಖರ್ಚನ್ನು ಯಾರು ಭರಿಸಬೇಕು, ಯಾರ ಹೊಲದಲ್ಲಿ ಬಡಾವಣೆ ಏಳಬೇಕು, ಕೋಟೆಯ ಗೋಡೆ ಉಳಿಯಬೇಕೇ ಬೀಳಬೇಕೇ ಎಂಬ ಪ್ರಶ್ನೆಗಳೇ ಆ ದಿನಗಳಲ್ಲಿ ಅವರ ರಾಜಕಾರಣವಾಗಿದ್ದವು. ಇಂದು ರಾಜ್ಯದ ಯಾವುದೇ ನಗರಸಭೆಯ ಸಾಮಾನ್ಯ ಸಭೆಗೆ ಹೋಗಿ ಕುಳಿತರೂ ಕಿವಿಗೆ ಬೀಳುವುದು ಇವೇ ಪ್ರಶ್ನೆಗಳು.

ಕನ್ನಡ ನಾಡಿಗೆ ಈ ಕಥೆ ತೀರಾ ಹೊರಗಿನದೂ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಅಹಮದಾಬಾದ್‌ನಂತೆಯೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. 1901ರ ಮುಂಬಯಿ ಜಿಲ್ಲಾ ಪುರಸಭೆ ಕಾಯ್ದೆ, 1915ರ ಮುಂಬಯಿ ನಗರ ಯೋಜನಾ ಕಾಯ್ದೆಗಳು ಎರಡೂ ಕಡೆ ಒಂದೇ ಆಗಿದ್ದವು.

ಗೋಡೆಯೊಳಗಿನ ಊರು

ಅಹಮದಾಬಾದ್ ಅನ್ನು ಸುಲ್ತಾನ ಅಹಮದ್ ಷಾ 1411ರಲ್ಲಿ ಸಾಬರಮತಿ ನದಿಯ ಪೂರ್ವ ದಂಡೆಯಲ್ಲಿ ಕಟ್ಟಿಸಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ಮಹಮೂದ್ ಬೇಗಡಾ ಊರನ್ನು ಬಳಸಿ ಗೋಡೆ ಎಬ್ಬಿಸಿದನು. ಗೋಡೆಯೊಳಗೆ ಜನವಸತಿ ಬೆಳೆದದ್ದು ಪೋಳಗಳ ರೂಪದಲ್ಲಿ. ಪೋಳ ಎಂದರೆ ಒಂದೇ ಜಾತಿ ಅಥವಾ ಕಸುಬಿನ ಕುಟುಂಬಗಳು ಒಟ್ಟಾಗಿ ವಾಸಿಸುವ ಇಕ್ಕಟ್ಟಾದ ಓಣಿಗಳ ಕೇರಿ. ಅದರ ಬಾಯಿಗೊಂದು ಬಾಗಿಲು. ರಾತ್ರಿಯಾದರೆ ಅದನ್ನು ಮುಚ್ಚುತ್ತಿದ್ದರು. ಮನೆಗಳ ಅಂಗಳದಡಿಯಲ್ಲಿ ಮಳೆನೀರನ್ನು ಹಿಡಿದಿಡುವ ಟಾಂಕಾ ಎಂಬ ನೆಲತೊಟ್ಟಿ ಇರುತ್ತಿತ್ತು. ಹೊಂಚುದಾಳಿಗಳ ಕಾಲಕ್ಕೆ ಇದು ಸುರಕ್ಷಿತ ವ್ಯವಸ್ಥೆಯಾಗಿದ್ದಿರಬೇಕು. ಗಿರಣಿಗಳ ಕಾಲಕ್ಕೆ ಅದು ಉಸಿರು ಕಟ್ಟಿಸುವಂತಾಯಿತು.

ಊರಿನ ಮೊದಲ ಬಟ್ಟೆ ಗಿರಣಿ 1861ರಲ್ಲಿ ಆರಂಭವಾಯಿತು. ಅದನ್ನು ಸ್ಥಾಪಿಸಿದ ರಣಛೋಡಲಾಲ್ ಛೋಟಾಲಾಲ್ ಅವರೇ ಮುಂದೆ ನಗರಸಭೆಯ ಮೊದಲ ಭಾರತೀಯ ಅಧ್ಯಕ್ಷರಾದರು. ಕೊಳವೆಯ ಮೂಲಕ ನದಿ ನೀರನ್ನು ಊರಿಗೆ ತರಬೇಕು, ನೆಲದಡಿ ಚರಂಡಿ ಹಾಕಬೇಕು ಎಂದು ಅವರು ಹಟ ಹಿಡಿದಾಗ ಅವರನ್ನು ವಿರೋಧಿಸಿದವರು ಆಂಗ್ಲರಲ್ಲ, ಊರಿನ ಪ್ರಮುಖರೇ. ಬಾವಿ, ಟಾಂಕಾ ಇರುವಾಗ ನಲ್ಲಿ ಏಕೆ ಎಂಬುದು ಒಂದು ವಾದ. ಕೊಳವೆಯಲ್ಲಿ ಹರಿದ ನೀರು ಮಡಿಗೆ ಬರುವುದೇ ಎಂಬುದು ಮತ್ತೊಂದು ಆತಂಕ. ಇವೆಲ್ಲಕ್ಕಿಂತ ದೊಡ್ಡ ಭಯ ಹೊಸ ತೆರಿಗೆಯದಾಗಿತ್ತು. ಆದರೂ 1891ರಲ್ಲಿ ದೂಧೇಶ್ವರದ ಬಳಿಯಿಂದ ನಲ್ಲಿ ನೀರು ಬಂದೇ ಬಂದಿತು. ಆ ದಶಕದಲ್ಲಿಯೇ ಒಳಚರಂಡಿಯ ಕೆಲಸವೂ ಆರಂಭವಾಯಿತು. ದೂರದ ಲಂಡನ್‌ನಲ್ಲಿದ್ದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಈ ಪ್ರಯತ್ನದಲ್ಲಿ ಆಸಕ್ತಿ ವಹಿಸಿದ್ದರು ಎಂಬುದು ಸ್ವಾರಸ್ಯಕರ ಸಂಗತಿ. ರಣಛೋಡಲಾಲ್ 1898ರಲ್ಲಿ ನಿಧನರಾದಾಗ ಊರಿನ ಒಂದು ಭಾಗಕ್ಕೆ ಮಾತ್ರ ಈ ಸೌಲಭ್ಯಗಳು ತಲುಪಿದ್ದವು. ಉಳಿದ ಕೆಲಸ ಎರಡು ದಶಕಗಳ ಕಾಲ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು. ಗಿರಣಿಗಳು ಮಾತ್ರ ನಿಲ್ಲಲಿಲ್ಲ. 1921ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಎರಡೂ ಮುಕ್ಕಾಲು ಲಕ್ಷದ ಸಮೀಪಕ್ಕೆ ಬಂದಿತ್ತು.

ವಕೀಲಿಯಿಂದ ನಗರಸಭೆಗೆ

ಪಟೇಲರ ಹುಟ್ಟೂರು ಖೇಡಾ ಜಿಲ್ಲೆಯ ನಡಿಯಾದ್. ದಾಖಲೆಯಲ್ಲಿರುವ ಜನ್ಮದಿನ 1875ರ ಅಕ್ಟೋಬರ್ 31. ತಂದೆ ಝವೇರಭಾಯಿ ಕರಮಸದ್ ಗ್ರಾಮದ ರೈತರು. ಜಿಲ್ಲಾ ಪ್ಲೀಡರ್ ಪರೀಕ್ಷೆ ಮುಗಿಸಿದ ವಲ್ಲಭಭಾಯಿ 1900ರಲ್ಲಿ ಗೋಧ್ರಾದಲ್ಲಿ, ಆ ಬಳಿಕ ಬೋರ್ಸದ್‌ನಲ್ಲಿ ವಕೀಲಿ ಮಾಡಿದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ, ಅದರಲ್ಲೂ ಪಾಟೀಸವಾಲಿನಲ್ಲಿ, ಅವರು ಹೆಸರು ಮಾಡಿದರು. 1909ರಲ್ಲಿ ಪತ್ನಿ ಝವೇರಬಾ ಮುಂಬಯಿಯಲ್ಲಿ ತೀರಿಕೊಂಡರು. ಆ ತಂತಿ ಕೈಸೇರಿದಾಗ ಪಟೇಲರು ನ್ಯಾಯಾಲಯದಲ್ಲಿ ಸಾಕ್ಷಿಯ ವಿಚಾರಣೆ ನಡೆಸುತ್ತಿದ್ದರು. ತಂತಿಯನ್ನು ಓದಿ ಜೇಬಿಗಿಟ್ಟು ವಿಚಾರಣೆಯನ್ನು ಪೂರ್ಣಗೊಳಿಸಿದರು ಎಂಬ ಪ್ರಸಂಗ ಅವರ ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತದೆ. ಮಗಳು ಮಣಿಬೆನ್, ಮಗ ಡಾಹ್ಯಾಭಾಯಿ ಆಗ ಚಿಕ್ಕವರು. ಪಟೇಲರು ಮರುಮದುವೆಯಾಗಲಿಲ್ಲ.

1910ರಲ್ಲಿ ಅವರು ಲಂಡನ್‌ಗೆ ಹೋಗಿ ಮಿಡಲ್ ಟೆಂಪಲ್ ಸೇರಿದರು. ಬ್ಯಾರಿಸ್ಟರ್ ಆಗಿ 1913ರಲ್ಲಿ ಹಿಂದಿರುಗಿ ಅಹಮದಾಬಾದ್‌ನಲ್ಲಿ ನೆಲೆಸಿದರು. ಕೋಟು, ಹ್ಯಾಟು, ಸಂಜೆ ಭದ್ರದ ಗುಜರಾತ್ ಕ್ಲಬ್‌ನಲ್ಲಿ ಇಸ್ಪೀಟು. 1915ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದು ನದಿಯಾಚೆಯ ಕೋಚರಬ್‌ನಲ್ಲಿ ಆಶ್ರಮ ಹೂಡಿದ ಗಾಂಧೀಜಿಯವರ ಬಗ್ಗೆ ಕ್ಲಬ್ಬಿನ ಮೇಜಿನ ಸುತ್ತ ನಡೆಯುತ್ತಿದ್ದ ಹಾಸ್ಯದಲ್ಲಿ ಪಟೇಲರದೂ ಪಾಲಿತ್ತು. ಅವರು ಸಾರ್ವಜನಿಕ ಜೀವನಕ್ಕೆ ಬಂದದ್ದು ಗಾಂಧೀಜಿಯವರ ಸೆಳೆತದಿಂದಲೇ ಎಂಬ ಸಾಮಾನ್ಯ ನಂಬಿಕೆ ಪೂರ್ಣ ನಿಜವಲ್ಲ. ಅವರ ಮೊದಲ ಸಾರ್ವಜನಿಕ ಹುದ್ದೆ ನಗರಸಭೆಯ ಸದಸ್ಯತ್ವ. ದರಿಯಾಪುರ ವಾರ್ಡ್‌ನ ಉಪಚುನಾವಣೆಯ ಮೂಲಕ 1917ರಲ್ಲಿ ಅವರು ಅಲ್ಲಿಗೆ ಬಂದರು. ಖೇಡಾ ಸತ್ಯಾಗ್ರಹ ನಡೆದದ್ದು ಅದರ ಮರುವರ್ಷ.

ಆಗಿನ ನಗರಸಭೆಯೆಂದರೆ ಇಂದಿನಂತೆ ಎಲ್ಲ ವಯಸ್ಕರೂ ಮತ ನೀಡಿ ಆರಿಸುವ ಸಭೆಯಲ್ಲ. ತೆರಿಗೆ ಕಟ್ಟುವ, ಆಸ್ತಿಯುಳ್ಳ ಕೆಲವರಿಗಷ್ಟೇ ಮತ. ಸರ್ಕಾರ ನಾಮಕರಣ ಮಾಡಿದವರೂ ಸಭೆಯಲ್ಲಿರುತ್ತಿದ್ದರು. ದೊಡ್ಡ ಊರುಗಳ ಮೇಲೆ ಹಿಡಿತ ಬಿಗಿಗೊಳಿಸಲೆಂದು ಐಸಿಎಸ್ ಅಧಿಕಾರಿಯನ್ನೇ ಮುನಿಸಿಪಲ್ ಕಮಿಷನರ್ ಆಗಿ ಕಳುಹಿಸುವ ವ್ಯವಸ್ಥೆಯೂ ಹೊಸದಾಗಿ ಬಂದಿತ್ತು. ಅಹಮದಾಬಾದ್‌ಗೆ ಹಾಗೆ ಬಂದವರು ಷಿಲಿಡಿ ಎಂಬ ಅಧಿಕಾರಿ. ಗಿರಣಿ ಪ್ರದೇಶದ ಕೆರೆಯೊಂದರ ಜಾಗ ನಗರಸಭೆಗೆ ಸೇರಿದ್ದೋ ಖಾಸಗಿಯವರದ್ದೋ ಎಂಬ ವ್ಯಾಜ್ಯದಲ್ಲಿ ಕಮಿಷನರ್ ಸಭೆಯ ನಿರ್ಣಯವನ್ನು ಬದಿಗೊತ್ತಿ ನಡೆದರು. ಹೊಸ ಸದಸ್ಯರಾದ ಪಟೇಲರು ಆ ಕಡತವನ್ನು ಕ್ರಿಮಿನಲ್ ಮೊಕದ್ದಮೆಯ ಕಾಗದದಂತೆ ಓದಿದರು. ಒಂದೊಂದೇ ಪತ್ರ, ಒಂದೊಂದೇ ತಾರೀಖನ್ನು ಮುಂದಿಟ್ಟು ನಿರ್ಣಯ ಮಂಡಿಸಿದರು. ಕಮಿಷನರ್ ಅಲ್ಲಿಂದ ಹೋಗಬೇಕಾಯಿತು. ಕೆರೆಯ ಜಾಗವೊಂದರ ನೆಪದಲ್ಲಿ, ಆಯ್ಕೆಯಾದ ಸಭೆ ದೊಡ್ಡದೋ ನೇಮಕವಾದ ಅಧಿಕಾರಿ ದೊಡ್ಡವನೋ ಎಂಬ ಪ್ರಶ್ನೆ ಅಲ್ಲಿ ಇತ್ಯರ್ಥವಾಯಿತು. ಕೆರೆ ಒತ್ತುವರಿಯ ಕಡತಗಳು ಇಂದಿಗೂ ಮೇಜಿನಿಂದ ಮೇಜಿಗೆ ತಿರುಗುವುದನ್ನು ಕಂಡವರಿಗೆ ಆ ಪರಿಶ್ರಮದ ಬೆಲೆ ತಿಳಿದೀತು.

ಪ್ಲೇಗಿನ ವರ್ಷ

ಪಟೇಲರಿಗೆ ಮೊದಲು ದೊರೆತದ್ದು ನೈರ್ಮಲ್ಯ ಸಮಿತಿಯ ಅಧ್ಯಕ್ಷತೆ. ಯಾರೂ ಹಾತೊರೆಯುವ ಹುದ್ದೆಯಲ್ಲ ಅದು. ಅದೇ ವರ್ಷ ಊರಿಗೆ ಪ್ಲೇಗು ಬಂದಿತು. ಶಾಲೆ, ನ್ಯಾಯಾಲಯಗಳು ಮುಚ್ಚಿದವು. ಸ್ಥಿತಿವಂತರು ಊರ ಹೊರಗೆ ಬಿಡಾರ ಹೂಡಿದರು. ಕೋಚರಬ್‌ನ ಸುತ್ತಮುತ್ತ ರೋಗ ಕಾಣಿಸಿಕೊಂಡುದರಿಂದ ಗಾಂಧೀಜಿಯವರ ಆಶ್ರಮ ಸಾಬರಮತಿಯ ದಡದ ಈಗಿನ ಸ್ಥಳಕ್ಕೆ ಹೋದದ್ದು ಆಗಲೇ. ಪಟೇಲರು ಊರು ಬಿಡಲಿಲ್ಲ. ಭದ್ರದ ತಮ್ಮ ಮನೆಯಲ್ಲಿಯೇ ಉಳಿದು, ಪೋಳಗಳ ಒಳಹೊಕ್ಕು ಚರಂಡಿಗಳ ಶುಚಿಕಾರ್ಯ, ಔಷಧ ಸಿಂಪಡಣೆಗಳ ಮೇಲ್ವಿಚಾರಣೆ ನಡೆಸಿದರು. ಮರುವರ್ಷ ಬಂದ ಇನ್‌ಫ್ಲುಯೆಂಜಾ ಹಾವಳಿಯಲ್ಲಿಯೂ ತಾತ್ಕಾಲಿಕ ಆಸ್ಪತ್ರೆಯ ವ್ಯವಸ್ಥೆಗೆ ನಿಂತರು.

ಹಳೆಯ ಊರಿನ ವಸತಿ ಕ್ರಮವೇ ರೋಗಕ್ಕೆ ಆಶ್ರಯವಾಗಿದೆ ಎಂಬುದು ಅವರಿಗೆ ಮನದಟ್ಟಾದದ್ದು ಈ ಎರಡು ವರ್ಷಗಳಲ್ಲಿಯೇ ಇರಬೇಕು. ಓಣಿಗಳಿಗೆ ಬಿಸಿಲು ಬೀಳುತ್ತಿರಲಿಲ್ಲ. ಚರಂಡಿ ಹಾಕಲು ಅಗೆಯಬೇಕೆಂದರೆ ಮನೆಗಳ ತಳಪಾಯವೇ ಅಡ್ಡ ಬರುತ್ತಿತ್ತು. ಪ್ಲೇಗು ಊರುಗಳ ನಕ್ಷೆಯನ್ನೇ ಬದಲಿಸಿದ್ದು ನಮ್ಮಲ್ಲೂ ಉಂಟು. 1898ರ ಪ್ಲೇಗಿನ ಬಳಿಕವೇ ಬೆಂಗಳೂರು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು.

1919ರಲ್ಲಿ ಪಟೇಲರು ಮಂಡಿಸಿದ ಇನ್ನೊಂದು ಸಲಹೆಯನ್ನು ಇಲ್ಲಿ ಹೇಳಬೇಕು. ನಗರಸಭೆಯ ಚುನಾವಣೆಗೆ ಮಹಿಳೆಯರು ನಿಲ್ಲದಂತೆ ತಡೆಯುತ್ತಿದ್ದ ನಿಯಮವನ್ನು ತೆಗೆದುಹಾಕಬೇಕೆಂಬ ಸಲಹೆಯದು.

ಶಾಲೆಗಳ ಜಗಳ, ಸಭೆಯ ವಿಸರ್ಜನೆ

ಅಸಹಕಾರ ಚಳವಳಿ ಆರಂಭವಾದಾಗ ಪಟೇಲರು ವಕೀಲಿ ಬಿಟ್ಟರು, ವಿದೇಶಿ ಉಡುಪು ಸುಟ್ಟು ಖಾದಿ ತೊಟ್ಟರು. ಆದರೆ ನಗರಸಭೆಯನ್ನು ಬಿಡಲಿಲ್ಲ. ಅದನ್ನೇ ಚಳವಳಿಯ ಸಾಧನವಾಗಿಸಿದರು. ನಗರಸಭೆಯ ಪ್ರಾಥಮಿಕ ಶಾಲೆಗಳಿಗೆ ಸರ್ಕಾರದ ಅನುದಾನ ಬೇಡ, ಸರ್ಕಾರದ ತನಿಖಾಧಿಕಾರಿಗಳೂ ಬೇಡ ಎಂದು ಸಭೆ ನಿರ್ಣಯಿಸಿತು. ಸರ್ಕಾರ ಎಚ್ಚರಿಕೆಯ ಪತ್ರಗಳನ್ನು ಬರೆಯುತ್ತಾ ಹೋಯಿತು. ಸಭೆ ಉತ್ತರಗಳನ್ನು ಬರೆಯುತ್ತಾ ಹೋಯಿತು. ಕೊನೆಗೆ 1922ರ ಫೆಬ್ರವರಿಯಲ್ಲಿ ಸರ್ಕಾರ ನಗರಸಭೆಯನ್ನೇ ವಜಾ ಮಾಡಿ ಆಡಳಿತ ಸಮಿತಿಯೊಂದನ್ನು ನೇಮಿಸಿತು. ಪಟೇಲರ ಬಳಗ ಊರಿನ ದೇಣಿಗೆಯಿಂದ ತನ್ನದೇ ಶಾಲೆಗಳನ್ನು ತೆರೆಯಿತು. ನಗರಸಭೆಯ ಹಣವನ್ನು ಕಾನೂನುಬಾಹಿರವಾಗಿ ವ್ಯಯಿಸಲಾಗಿದೆ ಎಂದು ಪಟೇಲರೂ ಸೇರಿದಂತೆ ಹಲವು ಸದಸ್ಯರಿಂದ ಒಂದೂವರೆ ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತದ ವಸೂಲಿಗೆ ಮೊಕದ್ದಮೆ ಹೂಡಲಾಯಿತು. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಈ ಘಟ್ಟದ ಬಗ್ಗೆ ಎರಡು ಅಭಿಪ್ರಾಯಗಳಿಗೆ ಅವಕಾಶವಿದೆ. ಊರಿನ ಮಕ್ಕಳ ಶಾಲೆಯನ್ನು ರಾಷ್ಟ್ರೀಯ ಹೋರಾಟದ ಕಣವಾಗಿಸಿದ್ದರಿಂದ ಎರಡು ವರ್ಷ ಊರಿಗೆ ಆಯ್ಕೆಯಾದ ಸಭೆಯೇ ಇಲ್ಲದಂತಾಯಿತು. ನೀರು, ಚರಂಡಿಯ ಕಾರ್ಯ ಹಿಂದೆ ಬಿದ್ದಿತು. ಆದರೆ ತೆರಿಗೆ ಕೊಡುವವರ ಹಣದ ಮೇಲೆ ತೆರಿಗೆ ಕೊಡುವವರಿಗೇ ಅಧಿಕಾರ ಎಂಬ ತತ್ವವನ್ನು ಬೀದಿಯ ಮನುಷ್ಯನೂ ಅರ್ಥ ಮಾಡಿಕೊಂಡದ್ದು ಆಗಲೇ. ಮುಂದಿನ ಚುನಾವಣೆಯಲ್ಲಿ ಮತದಾರರು ಎರಡನೆಯ ಅಭಿಪ್ರಾಯದ ಕಡೆ ನಿಂತರು.

ಅಧ್ಯಕ್ಷರ ಕುರ್ಚಿ

1924ರ ಚುನಾವಣೆಯಲ್ಲಿ ಪಟೇಲರ ಪಕ್ಷ ಬಹುಮತ ಪಡೆಯಿತು. ಪಟೇಲರು ಅಧ್ಯಕ್ಷರಾದರು. ಆ ಆಸುಪಾಸಿನಲ್ಲಿಯೇ ದೇಶದ ಹಲವು ಊರುಗಳ ಆಡಳಿತ ಕಾಂಗ್ರೆಸ್ ನಾಯಕರ ಕೈಗೆ ಬಂದಿತ್ತು. ಕಲ್ಕತ್ತದಲ್ಲಿ ಚಿತ್ತರಂಜನ ದಾಸ್, ಅಲಹಾಬಾದ್‌ನಲ್ಲಿ ಜವಾಹರಲಾಲ್ ನೆಹರೂ, ಪಟ್ನಾದಲ್ಲಿ ರಾಜೇಂದ್ರ ಪ್ರಸಾದ್, ಮುಂಬಯಿಯಲ್ಲಿ ಪಟೇಲರ ಅಣ್ಣ ವಿಠ್ಠಲಭಾಯಿ. ಇವರಲ್ಲಿ ಹೆಚ್ಚಿನವರು ಬೇಗ ಬೇಸತ್ತೋ ಬೇರೆ ಹೊಣೆಗಳ ಒತ್ತಡದಿಂದಲೋ ಹೊರಬಂದರು. ವಲ್ಲಭಭಾಯಿ ನಾಲ್ಕು ವರ್ಷ ಅಲ್ಲಿ ಕುಳಿತರು.

ಅವರು ಸಭೆ ನಡೆಸುತ್ತಿದ್ದ ಕ್ರಮ ವಕೀಲರದು. ಮಾತು ಕಡಿಮೆ, ಕಡತದ ಓದು ಹೆಚ್ಚು. ವಿಷಯಗಳು ಸಮಿತಿಯಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗಿ ಸಾಮಾನ್ಯ ಸಭೆಗೆ ಬರುತ್ತಿದ್ದವು. ಪಕ್ಷದ ಶಿಸ್ತು ಗಟ್ಟಿಯಾಗಿತ್ತು. ಭಿನ್ನಮತೀಯರಿಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಅಭಿಯಂತರರು, ಆರೋಗ್ಯಾಧಿಕಾರಿಗಳಿಗೆ ಇದರಿಂದ ಅನುಕೂಲವೇ ಆಯಿತು. ಒಮ್ಮೆ ಒಪ್ಪಿಗೆ ಸಿಕ್ಕ ಕೆಲಸವನ್ನು ಮುಂದಿನ ಸಭೆ ಕದಲಿಸುತ್ತಿರಲಿಲ್ಲ.

ನೀರು ಸರಬರಾಜು ಮತ್ತು ಒಳಚರಂಡಿ ವಿಸ್ತರಣೆ ಮೊದಲ ಆದ್ಯತೆಗಳಾದವು. ಇದಕ್ಕೆ ಸಾಲ ಎತ್ತಬೇಕಿತ್ತು. ಸಾಲ ತೀರಿಸಲು ತೆರಿಗೆ ಬೇಕಿತ್ತು. ಸರ್ಕಾರಕ್ಕೆ ಕಂದಾಯ ಕೊಡಬೇಡಿ ಎಂದು ಹಳ್ಳಿಯ ರೈತರಿಗೆ ಹೇಳಿದ್ದ ನಾಯಕ ಊರಿನ ಮನೆಮಾಲೀಕರಿಗೆ ತೆರಿಗೆ ಕಟ್ಟಿ ಎಂದು ಹೇಳಬೇಕಾದ ಸನ್ನಿವೇಶ ಇದು. ಪಟೇಲರು ಅದರಲ್ಲಿ ವಿರೋಧಾಭಾಸವನ್ನು ಕಂಡಂತಿಲ್ಲ. ರೈತನ ಕಂದಾಯ ದೂರದ ಸರ್ಕಾರಕ್ಕೆ ಹೋಗುತ್ತಿತ್ತು. ಮನೆ ತೆರಿಗೆ ಅದೇ ಓಣಿಯ ಕೊಳವೆಯಾಗಿ ಹಿಂದಿರುಗಬೇಕಿತ್ತು. ಬಾಕಿದಾರರು ಗಣ್ಯರಾದರೂ ವಸೂಲಿಯಲ್ಲಿ ರಿಯಾಯಿತಿ ತೋರಬಾರದೆಂಬುದು ಅವರ ನಿಲುವಾಗಿತ್ತು. ಗಿರಣಿ ಮಾಲೀಕರಲ್ಲಿ ಅನೇಕರು ಕಾಂಗ್ರೆಸ್‌ಗೆ ದೇಣಿಗೆ ಕೊಡುವವರಾಗಿದ್ದರು ಎಂಬುದನ್ನು ನೆನೆದರೆ ಈ ನಿಲುವು ಎಷ್ಟು ಕಷ್ಟದ್ದು ಎಂದು ಊಹಿಸಬಹುದು.

ಗೋಡೆ ಕೆಡವುದು, ಹೊಲ ಹಂಚುವುದು

ಆ ಕಾಲದ ಅತ್ಯಂತ ದೀರ್ಘ ಚರ್ಚೆ ನಡೆದದ್ದು ಊರು ಎತ್ತ ಬೆಳೆಯಬೇಕು ಎಂಬುದರ ಮೇಲೆ. ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದು, ಕೋಟೆಯ ಗೋಡೆ. ಮತ್ತೊಂದು, ನದಿಯಾಚೆಯ ಹೊಲಗಳು.

ಗೋಡೆಯನ್ನು ಕೆಡವಿದರೆ ಅದರ ಕಲ್ಲು, ಜಾಗ ಎರಡೂ ನಗರಸಭೆಗೆ ಸಿಗುತ್ತವೆ, ಅಲ್ಲಿ ವರ್ತುಲ ರಸ್ತೆ ಮಾಡಬಹುದು, ಊರಿಗೆ ಗಾಳಿ ಬರುತ್ತದೆ ಎಂಬುದು ಕೆಡವುವವರ ವಾದ. 1915ರಲ್ಲಿ ಅಹಮದಾಬಾದ್‌ಗೆ ಬಂದಿದ್ದ ಸ್ಕಾಟ್ಲೆಂಡ್‌ನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ ಇದನ್ನು ಒಪ್ಪಿರಲಿಲ್ಲ. ಗೋಡೆ ಊರಿನ ಗುರುತು, ಅದನ್ನು ಉಳಿಸಿಕೊಂಡೇ ಸುಧಾರಣೆ ಸಾಧ್ಯ ಎಂಬುದು ಅವರ ಅಭಿಪ್ರಾಯವಾಗಿತ್ತು. ಇಕ್ಕಟ್ಟಿನ ಓಣಿಗಳ ನಡುವೆ ನೇರ ರಸ್ತೆ ಸೀಳುವ ಯೋಜನೆಗಳನ್ನೂ ಅವರು ಇಷ್ಟಪಡುತ್ತಿರಲಿಲ್ಲ. ಪ್ರಾಂತ್ಯ ಸರ್ಕಾರದ ಸಲಹಾ ಸರ್ವೇಯರ್ ಮಿರಾಮ್ಸ್ ಅವರ ಒಲವು ಬೇರೆಯಾಗಿತ್ತು. ನಗರಸಭೆ ಕಡೆಗೆ ಸಾಗಿದ್ದು ಕೆಡವುವ ದಾರಿಯಲ್ಲಿ. 1920ರ ದಶಕದಿಂದ ಗೋಡೆ ಹಂತಹಂತವಾಗಿ ಮರೆಯಾಯಿತು. ಬಾಗಿಲುಗಳು ಮಾತ್ರ ಅಲ್ಲಲ್ಲಿ ಉಳಿದವು. ಹಳೆಯ ಊರಿನ ನಡುವೆ ರಿಲೀಫ್ ರೋಡ್ ಮುಂದಿನ ದಶಕದಲ್ಲಿ ಹಾಯ್ದಿತು. ಪ್ಲೇಗು ಕಂಡ ಪೀಳಿಗೆಗೆ ಗೋಡೆಯೆಂದರೆ ಪರಂಪರೆಯಾಗಿ ಅಲ್ಲ, ತಡೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಗೆಡ್ಡೆಸ್ ಮಾತು ಪೂರ್ತಿ ಹುಸಿಯಾಗಲಿಲ್ಲ. ಯುನೆಸ್ಕೊ 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆಯ ನಗರವೆಂದು ಅಹಮದಾಬಾದ್ ಅನ್ನು ಗುರುತಿಸಿದ್ದು ಅವೇ ಪೋಳಗಳಿಗಾಗಿ.

ನದಿಯಾಚೆಯ ಪ್ರಶ್ನೆ ಇನ್ನೂ ಜಟಿಲ. ಎಲ್ಲಿಸ್ ಸೇತುವೆಯ ಮೊದಲ ರೂಪ 1875ರ ಪ್ರವಾಹದಲ್ಲಿ ಕೊಚ್ಚಿಹೋಗಿ, 1892ರಲ್ಲಿ ಉಕ್ಕಿನ ಸೇತುವೆ ಎದ್ದಿತ್ತು. ಅಲ್ಲಿಂದ ಪಶ್ಚಿಮ ದಂಡೆಯ ಕೋಚರಬ್, ಪಾಲಡಿ ಮುಂತಾದ ಹಳ್ಳಿಗಳ ಹೊಲಗಳ ಮೇಲೆ ಊರಿನವರ ಕಣ್ಣು ಬಿದ್ದಿತ್ತು. ಅಲ್ಲಿ ಮನಬಂದಂತೆ ಮನೆಗಳು ಏಳುವ ಮುನ್ನ ರಸ್ತೆ, ಚರಂಡಿಗಳ ಜಾಗ ಗುರುತಿಸಬೇಕೆಂಬುದು ನಗರಸಭೆಯ ಉದ್ದೇಶ. ಅದಕ್ಕೆ ದೊರೆತ ಅಸ್ತ್ರ 1915ರ ನಗರ ಯೋಜನಾ ಕಾಯ್ದೆ.

ಈ ಕಾಯ್ದೆಯ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಒಂದು ಪ್ರದೇಶವನ್ನು ಯೋಜನೆಗೆ ಆರಿಸಿದ ಮೇಲೆ ಅಲ್ಲಿನ ಎಲ್ಲ ಹೊಲಗಳನ್ನೂ ಕಾಗದದ ಮೇಲೆ ಒಂದೇ ತುಂಡೆಂದು ಭಾವಿಸಲಾಗುತ್ತದೆ. ರಸ್ತೆ, ಉದ್ಯಾನ, ಶಾಲೆ ಮೊದಲಾದ ಸಾರ್ವಜನಿಕ ಉಪಯೋಗಗಳಿಗೆ ಜಾಗ ತೆಗೆದಿಡಲಾಗುತ್ತದೆ. ಉಳಿದುದನ್ನು ಕಟ್ಟಡ ಕಟ್ಟಲು ಅನುಕೂಲವಾದ ಆಕಾರದ ನಿವೇಶನಗಳನ್ನಾಗಿ ಮಾಡಿ ಮೂಲ ಒಡೆಯರಿಗೇ ಹಿಂದಿರುಗಿಸಲಾಗುತ್ತದೆ. ಜಾಗ ಕಡಿಮೆಯಾದದ್ದಕ್ಕೆ ಪರಿಹಾರ ಉಂಟು. ಆದರೆ ರಸ್ತೆ, ಚರಂಡಿ ಬಂದದ್ದರಿಂದ ನಿವೇಶನದ ಬೆಲೆ ಏರಿದ ಪ್ರಮಾಣದಲ್ಲಿ ಒಂದು ಪಾಲನ್ನು, ಗರಿಷ್ಠ ಅರ್ಧದವರೆಗೆ, ಒಡೆಯನು ನಗರಸಭೆಗೆ ಕೊಡಬೇಕು. ನಮ್ಮ ನಗರವಾಸಿಗಳಿಗೆ ಬೆಟರ್‌ಮೆಂಟ್ ಶುಲ್ಕವೆಂದು ಪರಿಚಿತವಾದ ವಸೂಲಿಯ ಹಿಂದಿರುವ ವಿಚಾರವೂ ಇದೇ. ಲೆಕ್ಕಾಚಾರದ ಹೊಣೆ ಮಧ್ಯಸ್ಥಗಾರನೊಬ್ಬನದು. ಒಬ್ಬೊಬ್ಬ ಒಡೆಯನ ಅಹವಾಲನ್ನೂ ಅವನು ಕೇಳಬೇಕಾದುದರಿಂದ ಒಂದು ಯೋಜನೆ ಮುಗಿಯಲು ವರ್ಷಗಟ್ಟಲೆ ಬೇಕಾಗುತ್ತಿತ್ತು. ಪ್ರಾಂತ್ಯದಲ್ಲಿ ಈ ಕಾಯ್ದೆಯನ್ನು ಉತ್ಸಾಹದಿಂದ ಬಳಸಿದ ಊರು ಅಹಮದಾಬಾದ್. ಜಮಾಲ್‌ಪುರದ ಯೋಜನೆ ಮೊದಲಿನವುಗಳಲ್ಲೊಂದು. ಕಾಂಕರಿಯಾ, ಎಲ್ಲಿಸ್‌ಬ್ರಿಜ್ ಯೋಜನೆಗಳೂ ಆ ಕಾಲದವು.

ಎಲ್ಲಿಸ್‌ಬ್ರಿಜ್ ಯೋಜನೆಗೆ ಹೊಲದ ಒಡೆಯರಿಂದ ಆಕ್ಷೇಪಗಳು ಬಂದವು. ಅವರಲ್ಲಿ ಪಟೇಲರದೇ ಸಮುದಾಯವಾದ ಪಾಟೀದಾರ ರೈತರೂ ಇದ್ದರು. ಹೊಲ ಉಳುವವನಿಗೆ ನಿವೇಶನದ ಬೆಲೆ ಏರಿದರೆ ಬಂದ ಭಾಗ್ಯವೇನು ಎಂಬ ಅವರ ಅಳಲು ಸುಳ್ಳಲ್ಲ. ಬೆಲೆ ಕೈಗೆ ಬರುವುದು ಮಾರಿದಾಗ. ಶುಲ್ಕ ಕಟ್ಟಬೇಕಾದದ್ದು ಮಾರುವ ಮೊದಲೇ. ಖೇಡಾದಲ್ಲಿ ರೈತರ ಪರ ನಿಂತಿದ್ದ, ಮುಂದೆ ಬಾರ್ಡೋಲಿಯಲ್ಲಿಯೂ ನಿಲ್ಲಲಿದ್ದ ಪಟೇಲರು ಇಲ್ಲಿ ಯೋಜನೆಯ ಪರ ನಿಂತರು. ಊರಿಗೆ ಬೆಳೆಯಲು ಜಾಗ ಬೇಕು, ಭೂಮಿಯನ್ನು ಕಿತ್ತುಕೊಳ್ಳದೆ ಜಾಗ ಪಡೆಯುವ ದಾರಿ ಇದೊಂದೇ ಎಂಬ ತರ್ಕ ಆ ನಿಲುವಿನ ಹಿಂದೆ ಕಾಣುತ್ತದೆ. ಆ ತರ್ಕ ಒಪ್ಪುವಂಥದ್ದೇ. ಆದರೆ ಅಲ್ಲಿ ಮನೆ ಕಟ್ಟಿಕೊಂಡವರು ಯಾರು ಎಂದು ನೋಡಿದರೆ ಚಿತ್ರ ಬದಲಾಗುತ್ತದೆ. ವಕೀಲರು, ವೈದ್ಯರು, ವರ್ತಕರು, ಗಿರಣಿ ಮಾಲೀಕರು ಸಹಕಾರಿ ಗೃಹ ನಿರ್ಮಾಣ ಸಂಘಗಳ ಮೂಲಕವೂ ಸ್ವಂತವಾಗಿಯೂ ನದಿ ದಾಟಿದರು. ಪೋಳದ ಜಾತಿ ಕಟ್ಟು ಹೊಸ ಸೊಸೈಟಿಗಳಲ್ಲೂ ಬಹುಮಟ್ಟಿಗೆ ಮುಂದುವರಿಯಿತು. ಗಿರಣಿ ಕಾರ್ಮಿಕರು ಮಾತ್ರ ಪೂರ್ವದ ಸರಸಪುರ, ಗೋಮತಿಪುರಗಳ ಚಾಳುಗಳಲ್ಲಿಯೇ ಉಳಿದರು. ಅನಸೂಯಾ ಸಾರಾಭಾಯಿ ಅವರ ನೇತೃತ್ವದ ಮಜೂರ್ ಮಹಾಜನ ಸಂಘ ಆ ಚಾಳುಗಳ ನೀರು, ಶೌಚಾಲಯಗಳಿಗಾಗಿ ಧ್ವನಿ ಎತ್ತುತ್ತಲೇ ಇತ್ತು. ಪಟೇಲರ ಆಡಳಿತದ ದುರ್ಬಲ ಭಾಗ ಯಾವುದೆಂದರೆ ಇದನ್ನೇ ಹೇಳಬೇಕು. ನದಿಯ ಎರಡು ದಂಡೆಗಳ ನಡುವಿನ ಅಂತರ ಇಂದಿಗೂ ಅಲ್ಲಿನ ನಕ್ಷೆಯಲ್ಲಿ ಎದ್ದು ಕಾಣುತ್ತದೆ.

ಬೆಂಗಳೂರು ಹಿಡಿದ ದಾರಿ ಬೇರೆ. ಇಲ್ಲಿ ಬಡಾವಣೆಗಳು ಬೆಳೆದದ್ದು ಮುಖ್ಯವಾಗಿ ಭೂಸ್ವಾಧೀನದಿಂದ. 1945ರಲ್ಲಿ ಬಂದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರೈತರ ಭೂಮಿಯನ್ನು ಪಡೆದು, ನಿವೇಶನ ಮಾಡಿ ಹಂಚಿದವು. ಗುಜರಾತ್ ತನ್ನ 1976ರ ಕಾಯ್ದೆಯಲ್ಲಿಯೂ 1915ರ ಕ್ರಮವನ್ನೇ ಮುಂದುವರಿಸಿತು. ಕರ್ನಾಟಕದ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಇಂಥ ಯೋಜನೆಗಳಿಗೆ ಅವಕಾಶವಿದೆ; ಬಳಕೆ ಮಾತ್ರ ವಿರಳ. ಭೂಮಿ ಕಳೆದುಕೊಂಡವರ ಮೊಕದ್ದಮೆಗಳು ದಶಕಗಟ್ಟಲೆ ಎಳೆಯುವುದನ್ನು ವರದಿ ಮಾಡುತ್ತಾ ಬಂದಿರುವ ನಮಗೆ ಅಹಮದಾಬಾದ್‌ನ ನಿಧಾನಗತಿ ಅಷ್ಟೇನೂ ದುಬಾರಿಯಾಗಿ ತೋರುವುದಿಲ್ಲ.

ಜುಲೈ ತಿಂಗಳ ಮಳೆ

1927ರ ಜುಲೈ ಕೊನೆಯ ವಾರ ಗುಜರಾತಿನ ಮೇಲೆ ಅಸಾಧಾರಣ ಮಳೆ ಸುರಿಯಿತು. ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು ಮಳೆ ಕೆಲವೇ ದಿನಗಳಲ್ಲಿ ಅಹಮದಾಬಾದ್‌ನಲ್ಲಿ ಬಿದ್ದಿತು. ಸಾವಿರಾರು ಮನೆಗಳು ಕುಸಿದವು. ಪಟೇಲರು ಸುರಿಯುವ ಮಳೆಯಲ್ಲಿ ರಾತ್ರಿಯೇ ಹೊರಟು ಊರು ಸುತ್ತಿದರು. ನಗರಸಭೆಯ ಅಭಿಯಂತರರನ್ನು ಎಬ್ಬಿಸಿ, ಕಟ್ಟಿನಿಂತ ನೀರು ಹರಿದುಹೋಗುವಂತೆ ಅಡ್ಡಲಾಗಿದ್ದ ಕಡೆಗಳಲ್ಲಿ ದಾರಿ ಒಡೆಸಿದರು. ಹಲವು ವರ್ಷ ಚರಂಡಿ ನಕ್ಷೆಗಳ ಮೇಲೆ ಕಣ್ಣಾಡಿಸಿದ್ದ ಅಧ್ಯಕ್ಷರಿಗೆ ಊರಿನ ತಗ್ಗು ಯಾವುದು, ದಿಣ್ಣೆ ಯಾವುದು ಎಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ.

ಗಾಂಧೀಜಿ ಆಗ ಬೆಂಗಳೂರಿನಲ್ಲಿದ್ದರು. ಅನಾರೋಗ್ಯದ ಬಳಿಕ ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಬೆಂಗಳೂರಿಗೆ ಇಳಿದು ಚೇತರಿಸಿಕೊಳ್ಳುತ್ತಿದ್ದ ದಿನಗಳವು. ಅವರು ಗುಜರಾತಿಗೆ ಹೊರಡಲು ಸಿದ್ಧರಿದ್ದರೂ ಬರುವುದು ಬೇಡವೆಂದು ಪಟೇಲರು ತಿಳಿಸಿದರು. ಊರಿನ ಪರಿಹಾರ ಕಾರ್ಯ ಹಳ್ಳಿಗಳಿಗೂ ಹಬ್ಬಿತು. ಸ್ವಯಂಸೇವಕರ ಜಾಲ ಅನ್ನ, ಬಟ್ಟೆ, ಬಿತ್ತನೆ ಬೀಜ ತಲುಪಿಸಿತು. ಪ್ರಾಂತ್ಯ ಸರ್ಕಾರವೂ ಪಟೇಲರ ಒತ್ತಾಯಕ್ಕೆ ಮಣಿದು ದೊಡ್ಡ ಮೊತ್ತದ ನೆರವು ನೀಡಿತು. ಐದು ವರ್ಷಗಳ ಹಿಂದೆ ಅವರ ನಗರಸಭೆಯನ್ನು ವಜಾ ಮಾಡಿದ್ದ ಸರ್ಕಾರವೇ ಅದು.

ಬಾರ್ಡೋಲಿಯ ಕರೆ

1928ರ ಆರಂಭದಲ್ಲಿ ಸೂರತ್ ಜಿಲ್ಲೆಯ ಬಾರ್ಡೋಲಿ ತಾಲ್ಲೂಕಿನ ರೈತರು ಕಂದಾಯ ಏರಿಕೆಯ ವಿರುದ್ಧ ಹೋರಾಟದ ನೇತೃತ್ವ ವಹಿಸುವಂತೆ ಪಟೇಲರನ್ನು ಕೇಳಿಕೊಂಡರು. ಆ ವರ್ಷದ ಏಪ್ರಿಲ್‌ನಲ್ಲಿ ಅವರು ನಗರಸಭೆಯ ಅಧ್ಯಕ್ಷತೆಯನ್ನು ತ್ಯಜಿಸಿದರು. ಆಗಸ್ಟ್‌ನಲ್ಲಿ ಹೋರಾಟ ಗೆದ್ದು ಮುಗಿದಾಗ ದೇಶ ಅವರನ್ನು ಸರದಾರ ಎಂದು ಕರೆಯತೊಡಗಿತ್ತು. ಬಾರ್ಡೋಲಿಯನ್ನು ವಿಭಾಗಗಳಾಗಿ ವಿಂಗಡಿಸಿದ್ದು, ಪ್ರತಿ ವಿಭಾಗಕ್ಕೆ ಹೊಣೆಗಾರರನ್ನು ನೇಮಿಸಿದ್ದು, ದಿನದಿನದ ವರದಿ ತರಿಸಿಕೊಂಡದ್ದು ಇವೆಲ್ಲದರ ಹಿಂದೆ ವಾರ್ಡ್‌ವಾರು ಕೆಲಸ ನಡೆಸಿದ ನಗರಸಭಾಧ್ಯಕ್ಷರನ್ನು ಕಾಣು ಕಷ್ಟವಲ್ಲ.

ಪಟೇಲರು ಆರಂಭಿಸಿದ ಕೆಲಸಗಳಲ್ಲಿ ಹಲವು ಮುಂದಿನವರ ಕಾಲದಲ್ಲಿ ಪೂರ್ಣವಾದವು. ಅವರ ಜೊತೆ ಸದಸ್ಯರಾಗಿದ್ದ ಗಣೇಶ ವಾಸುದೇವ ಮಾವಳಂಕರ್ 1930ರ ದಶಕದಲ್ಲಿ ಎರಡು ಬಾರಿ ನಗರಸಭೆಯ ಅಧ್ಯಕ್ಷರಾದರು; ಸ್ವಾತಂತ್ರ್ಯಾನಂತರ ಲೋಕಸಭೆಯ ಮೊದಲ ಸ್ಪೀಕರ್ ಆದವರು ಇವರೇ. ದಾನಿಗಳ ನೆರವಿನ ವಾಡೀಲಾಲ್ ಸಾರಾಭಾಯಿ ಆಸ್ಪತ್ರೆ ಎಲ್ಲಿಸ್‌ಬ್ರಿಜ್‌ನಲ್ಲಿ 1931ರಲ್ಲಿ ಆರಂಭವಾಯಿತು. ರಾಣಿ ವಿಕ್ಟೋರಿಯಾ ಹೆಸರಿನ ಉದ್ಯಾನದಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆ ನಿಲ್ಲಬೇಕೆಂದು ಪಟೇಲರ ನಗರಸಭೆ ಪಟ್ಟು ಹಿಡಿದಿತ್ತು. ಅದನ್ನು 1929ರಲ್ಲಿ ಗಾಂಧೀಜಿ ಅನಾವರಣಗೊಳಿಸಿದರು.

ಪಟೇಲರು ಮತ್ತೆ ನಗರಸಭೆಗೆ ಮರಳಲಿಲ್ಲ. ಜೈಲು, ಕರಾಚಿ ಕಾಂಗ್ರೆಸ್‌ನ ಅಧ್ಯಕ್ಷತೆ, ಪ್ರಾಂತ್ಯಗಳ ಚುನಾವಣೆಯ ಉಸ್ತುವಾರಿ, ಕ್ವಿಟ್ ಇಂಡಿಯಾ, ಉಪಪ್ರಧಾನಿ ಹುದ್ದೆ, ಸಂಸ್ಥಾನಗಳ ವಿಲೀನ ಹೀಗೆ ಉಳಿದ ಎರಡು ದಶಕಗಳು ಎಲ್ಲರಿಗೂ ಗೊತ್ತಿರುವಂಥವು. 1950ರಲ್ಲಿ ಅಹಮದಾಬಾದ್ ನಗರಸಭೆ ಮಹಾನಗರಪಾಲಿಕೆಯಾಯಿತು. ಅದೇ ವರ್ಷದ ಡಿಸೆಂಬರ್ 15ರಂದು ಪಟೇಲರು ಮುಂಬಯಿಯಲ್ಲಿ ನಿಧನರಾದರು. ಹಳೆಯ ಊರಿನ ದಾಣಾಪೀಠದಲ್ಲಿರುವ ಪಾಲಿಕೆಯ ಕೇಂದ್ರ ಕಚೇರಿಗೆ ಅವರ ಹೆಸರಿಡಲಾಗಿದೆ.